ಆಲಿಕಲ್ಲಿಗೆ ಮೊದಲು ನಾಲ್ಕು ಮರ

ದುಬೈಯಲ್ಲಿ ಎಸಿ ರಿಪೇರಿ ಮಾಡುವವನಿಗೆ ಆಗಸ್ಟ್ ತಿಂಗಳಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಬೆಳಗಿನ ಐದೂವರೆಗೇ ಫೋನು ಶುರುವಾಗುತ್ತದೆ. ರಾಸ್ ಅಲ್ ಖೋರ್‌ನ ನಮ್ಮ ವರ್ಕ್‌ಶಾಪಿನಿಂದ ಪಿಕಪ್ ಹೊರಟರೆ, ಒಂದು ತಾರಸಿಯಿಂದ ಇಳಿದು ಇನ್ನೊಂದು ತಾರಸಿಗೆ ಹತ್ತುವುದರಲ್ಲೇ ದಿನ ಕಳೆಯುತ್ತದೆ. ಸ್ಪ್ಯಾನರನ್ನು ಎರಡು ನಿಮಿಷ ಬಿಸಿಲಲ್ಲಿ ಮರೆತರೆ ಅಂಗೈಯಲ್ಲಿ ಬೊಕ್ಕೆ ಏಳುತ್ತದೆ. ಅಲ್ ನಹ್ದಾದ ನಮ್ಮ ಫ್ಲಾಟಿನಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಬರುವುದು ಕುದಿನೀರು. ಆದ್ದರಿಂದ ಬೇಸಿಗೆಯಲ್ಲಿ ನಾವು ಗೀಸರಿನ ಸ್ವಿಚ್ ಆರಿಸಿ, ಅದರೊಳಗೆ ರಾತ್ರಿಯಿಡೀ ತಣಿದ ನೀರಿನಲ್ಲಿ ಸ್ನಾನ ಮಾಡುತ್ತೇವೆ. ಊರಿನಿಂದ ಹೊಸದಾಗಿ ಬಂದವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಇಪ್ಪತ್ತಮೂರು ಬೇಸಿಗೆಗಳನ್ನು ನಾನು ಹೀಗೇ ಕಳೆದಿದ್ದೇನೆ.

ಆ ದಿನ ಬಂದ ಕರೆ ಹತ್ತಾದಿಂದ. ದುಬೈಗೇ ಸೇರಿದ ಊರಾದರೂ ಹತ್ತಾ ಇರುವುದು ಒಮಾನ್ ಗಡಿಯ ಹತ್ತಿರ, ಒಂದು ಹುಲ್ಲೂ ಬೆಳೆಯದ ಕಲ್ಲುಬೆಟ್ಟಗಳ ನಡುವೆ. ಅಲ್ಲಿ ಒಂದು ಖರ್ಜೂರದ ತೋಟದ ಕೋಲ್ಡ್ ರೂಮ್ ಕೆಟ್ಟಿತ್ತು. ಫೋನ್ ಮಾಡಿದವರು ತೋಟದ ಒಡತಿಯ ಮಗ. ಅಬುಧಾಬಿಯಲ್ಲಿ ನೌಕರಿಯಲ್ಲಿದ್ದವರು.

"ಶನಿವಾರ ನಾವು ಅಣ್ಣತಮ್ಮಂದಿರೆಲ್ಲ ಹೋಗಿ ಹಣ್ಣು ಇಳಿಸ್ತೇವೆ. ಅಷ್ಟರೊಳಗೆ ರೂಮ್ ತಣ್ಣಗಾಗಿರಬೇಕು," ಎಂದರು.

ಅಂದು ಬುಧವಾರ. ಶಾಲೆಗೆ ರಜೆ ಇದ್ದುದರಿಂದ ಹದಿಮೂರು ವರ್ಷದ ಮಗಳು ಮನೆಯಲ್ಲಿ ಎರಡು ತಿಂಗಳಿಂದ ಪರದೆ ಎಳೆದ ಕೋಣೆಯೊಳಗೇ ಕುಳಿತಿದ್ದಳು. "ಬರ್ತೀಯಾ?" ಎಂದು ಕೇಳಿದೆ. "ಈಸ್ ದೇರ್ ನೆಟ್‌ವರ್ಕ್?" ಎಂದಳು. ನಾವು ಮನೆಯಲ್ಲಿ ತುಳು ಮಾತಾಡುತ್ತೇವೆ, ಹೆಂಡತಿ ಕನ್ನಡವನ್ನೂ ಕಲಿಸಿದ್ದಾಳೆ. ಆದರೂ ಮಗಳ ಉತ್ತರ ಯಾವತ್ತೂ ಇಂಗ್ಲಿಷಿನಲ್ಲೇ. ನೆಟ್‌ವರ್ಕ್ ಉಂಟು ಎಂದ ಮೇಲೆ ಹೊರಟಳು.

ಲಹಬಾಬ್‌ನ ಕೆಂಪು ಮರಳು ದಾಟಿ ಮುಂದೆ ಹೋದ ಹಾಗೆ ಮರಳು ಕಲ್ಲಾಯಿತು, ಕಲ್ಲು ಬೆಟ್ಟವಾಯಿತು. ಒಂಬತ್ತೂವರೆಗೆ ನಾವು ತಲುಪಿದಾಗ ಪಿಕಪ್ಪಿನ ಮೀಟರು ಹೊರಗಿನ ಉಷ್ಣತೆ ನಲವತ್ತನಾಲ್ಕು ಎಂದು ತೋರಿಸುತ್ತಿತ್ತು. ತೋಟಕ್ಕೆ ಬರಬೇಕಾದರೆ ಒಂದು ವಾದಿಯನ್ನು ದಾಟಬೇಕು. ವಾದಿ ಎಂದರೆ ಬೆಟ್ಟಗಳ ನಡುವಿನ ಒಣ ಹೊಳೆ. ನೀರು ಎಂದೋ ಹರಿದಿತ್ತು ಎನ್ನುವುದಕ್ಕೆ ನುಣುಪಾದ ಬಿಳಿಗಲ್ಲುಗಳಷ್ಟೇ ಸಾಕ್ಷಿ. ವಾದಿಯ ಅಂಚಿನಲ್ಲಿ ಒಂದು ಗೊಬ್ಬಳಿ ಮರವಿತ್ತು. ಅದರ ನೆರಳಲ್ಲಿ ಪಿಕಪ್ ನಿಲ್ಲಿಸಿ, ಸಾಮಾನು ಹೊತ್ತು ಮೇಲೆ ಹೋದೆವು.

ಒಡತಿಗೆ ಎಪ್ಪತ್ತು ದಾಟಿರಬಹುದು. ಗಿಡ್ಡ ದೇಹ, ನೆಟ್ಟಗಿನ ಬೆನ್ನು. ಇಲ್ಲಿನ ಹಿರಿಯ ಹೆಂಗಸರು ತೊಡುವ ಬಂಗಾರದ ಹೊಳಪಿನ ಮುಖಪಟ್ಟಿ ಹುಬ್ಬನ್ನೂ ಮೂಗನ್ನೂ ಮುಚ್ಚಿತ್ತು. ಅಂಥವರನ್ನು ಕೆಲಸದವರೆಲ್ಲ ಮಾಮಾ, ಎಂದರೆ ಅಮ್ಮ, ಎಂದು ಕರೆಯುವುದು ರೂಢಿ, ನಾನೂ ಹಾಗೇ ಕರೆದೆ. ತೋಟ ನೋಡಿಕೊಳ್ಳುವವನು ಬಾಂಗ್ಲಾದೇಶದವನು, ಹದಿನೆಂಟು ವರ್ಷದಿಂದ ಅಲ್ಲೇ ಇದ್ದವನು. ಹಿಂದಿನ ವಾರ ಏಣಿಯಿಂದ ಜಾರಿ ಪಾದ ಉಳುಕಿಸಿಕೊಂಡು, ಬ್ಯಾಂಡೇಜು ಸುತ್ತಿದ ಕಾಲನ್ನು ಒಂದು ಕ್ರೇಟಿನ ಮೇಲೆ ಚಾಚಿ ಕುಳಿತಿದ್ದ. ನಮ್ಮಿಬ್ಬರ ಮಾತು ಹಿಂದಿಯಲ್ಲಿ ನಡೆಯಿತು. ಮಾಮಾ ಅವರದು ಅರಬ್ಬಿ. ಇಷ್ಟು ವರ್ಷದ ಕೆಲಸದಿಂದ ಅದು ನನಗೆ ಮುಕ್ಕಾಲು ಪಾಲು ಅರ್ಥವಾಗುತ್ತದೆ, ಕಾಲು ಪಾಲು ಆಡಲು ಬರುತ್ತದೆ.

ಕೋಲ್ಡ್ ರೂಮಿನ ಹೊರಗಿನ ಫ್ಯಾನಿನ ಮೋಟರು ಸುಟ್ಟಿತ್ತು. ಕಾಯಿಲಿನ ತುಂಬ ಧೂಳು ಮತ್ತು ಆಡಿನ ಕೂದಲು. ಮೋಟರು ಬದಲಿಸಿ, ಕೆಪಾಸಿಟರ್ ಬದಲಿಸಿ, ಕಾಯಿಲನ್ನು ನೀರಿನಿಂದ ತೊಳೆದು ಗ್ಯಾಸ್ ನೋಡುವಷ್ಟರಲ್ಲಿ ಹನ್ನೆರಡೂವರೆ. ಮಷಿನ್ ಓಡತೊಡಗಿತು. ಹತ್ತು ನಿಮಿಷದಲ್ಲಿ ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ಕಾಲಿಗೆ ತಗುಲಿದಾಗ ಮಾಮಾ ಅದರ ಮುಂದೆ ಅಂಗೈ ಹಿಡಿದು ನಿಂತರು. "ಈ ಸಲವೂ ರಮದಾನ್‌ಗೆ ನಮ್ಮ ಮಸೀದಿಗೆ ನನ್ನ ಮರದ ಖರ್ಜೂರವೇ," ಎಂದರು. ಊರಿನ ಮಸೀದಿಯಲ್ಲಿ ಉಪವಾಸ ಬಿಡುವವರಿಗೆ ಪ್ರತಿ ವರ್ಷ ಈ ತೋಟದಿಂದಲೇ ಹಣ್ಣು ಹೋಗುತ್ತದೆಯಂತೆ. ಅವರ ತಾಯಿ ಇದ್ದಾಗಿನಿಂದ ಒಂದು ವರ್ಷವೂ ತಪ್ಪಿಲ್ಲವಂತೆ.

ಅನ್ನ, ಒಣಮೀನಿನ ಸಾರು ಊಟ ಮಾಡಿ ಹೊರಗೆ ಬಂದೆವು. ತಲೆಯ ಮೇಲೆ ಆಕಾಶ ನೀಲಿಯಾಗಿಯೇ ಇತ್ತು. ಆದರೆ ಪೂರ್ವದ ಶಿಖರದ ಹಿಂದೆ ಹೂಕೋಸಿನ ಗೆಡ್ಡೆಯಂಥ ಒಂದು ಬಿಳಿ ಮೋಡ ಎದ್ದಿತ್ತು. ನಾನು ಚಾ ಕುಡಿದು ಮುಗಿಸುವಷ್ಟರಲ್ಲಿ ಅದು ಎರಡರಷ್ಟಾಗಿತ್ತು. ಕರಾವಳಿಯಲ್ಲಿ ಹುಟ್ಟಿದವನಿಗೆ ಮಳೆ ಎಂದರೆ ಪಡುವಣ ಕಡಲಿನಿಂದ ಬರಬೇಕು, ಬರುವುದಕ್ಕೆ ಮೊದಲು ಗಾಳಿಯಲ್ಲಿ ಸುದ್ದಿ ಕಳಿಸಬೇಕು. ಇಲ್ಲಿ ಕಾದ ಬೆಟ್ಟವೇ ಆಚೆ ಬದಿಯ ಸಮುದ್ರದ ಹಸಿ ಗಾಳಿಯನ್ನು ಮೇಲಕ್ಕೆಳೆದು ನೆತ್ತಿಯ ಮೇಲೆ ಮೋಡ ಕಟ್ಟುತ್ತದೆ. ಬೇಸಿಗೆಯ ಈ ಮೋಡಕ್ಕೆ ಇಲ್ಲಿಯವರು ರವಾಯಹ್ ಎನ್ನುತ್ತಾರೆ. ಮಾಮಾ ಅದನ್ನು ಒಮ್ಮೆ ನೋಡಿ ನನ್ನ ಕಡೆ ತಿರುಗಿದರು.

"ನಿನ್ನ ಗಾಡಿ ಎಲ್ಲುಂಟು?"

"ಕೆಳಗೆ, ಮರದ ನೆರಳಲ್ಲಿ."

"ಮೇಲೆ ತಾ. ಕಲ್ಲುಗೋಡೆಯ ಹಿಂದೆ ನಿಲ್ಲಿಸು."

"ಇಲ್ಲಿ ಮೋಡವೇ ಇಲ್ಲ ಮಾಮಾ."

"ಮಳೆ ಇಲ್ಲಿ ಬರಬೇಕಂತಿಲ್ಲ. ಅಲ್ಲಿ ಬಂದ್ರೆ ಸಾಕು," ಎಂದು ಶಿಖರವನ್ನು ತೋರಿಸಿದರು. "ಯಲ್ಲಾ, ಹೋಗು."

ಹಿರಿಯರ ಮಾತೆಂದು ಹೋಗಿ ತಂದೆ. ನನಗೆ ಆಗ ನಂಬಿಕೆಯೇನೂ ಇರಲಿಲ್ಲ.

ವಾಪಸು ಬಂದಾಗ ಮಾಮಾ ಫೋನಿನಲ್ಲಿದ್ದರು. ಆಚೆ ಕಡೆಯಿಂದ ಮಗನ ದನಿ ಸಮಾಧಾನ ಹೇಳುತ್ತಿತ್ತು. ಹೋದರೆ ಹೋಗಲಿ ಅಮ್ಮ, ಖರ್ಜೂರವಷ್ಟೇ ಅಲ್ಲವೇ, ಅಂಗಡಿಯಿಂದ ತಂದು ಮಸೀದಿಗೆ ಕೊಡೋಣ ಎನ್ನುವ ಧಾಟಿ. ಮಾಮಾ ಫೋನ್ ಇಟ್ಟರು. ಅಬುಧಾಬಿಯಿಂದ ಈಗ ಹೊರಟರೂ ಅವರು ಸಂಜೆಗೆ ಮುಂಚೆ ತಲುಪುವ ಹಾಗಿರಲಿಲ್ಲ.

ಆ ಬಾಂಗ್ಲಾದವನು ನನಗೆ ವಿಷಯ ಬಿಡಿಸಿ ಹೇಳಿದ. ಹಣ್ಣಾಗಿ ನಿಂತದ್ದು ಎಂಟು ಮರ. ಫರ್ದ್ ಎಂಬ ಕಪ್ಪು ಜಾತಿ, ಎಲ್ಲದಕ್ಕಿಂತ ತಡವಾಗಿ ಮಾಗುವಂಥದ್ದು. ಮಾಗಿದ ಖರ್ಜೂರಕ್ಕೆ ನೀರು ಬಿದ್ದರೆ ಸಿಪ್ಪೆ ಒಡೆದು ಎರಡು ದಿನದಲ್ಲಿ ಹುಳಿಯುತ್ತದೆ. ಆಲಿಕಲ್ಲು ಬಿದ್ದರೆ ಗೊನೆಗೆ ಗೊನೆಯೇ ನೆಲಕ್ಕೆ. ಮೂರು ಮರ ಕುಳ್ಳು, ಏಣಿಗೆ ಸಿಗುತ್ತವೆ. ಉಳಿದ ಐದು ಎತ್ತರದವು, ಹಗ್ಗ ಹಾಕಿಯೇ ಹತ್ತಬೇಕು. ಅಕ್ಕಪಕ್ಕದ ತೋಟದವರು ತಮ್ಮ ಹಣ್ಣು ಉಳಿಸಿಕೊಳ್ಳುವ ಅವಸರದಲ್ಲಿ ತಮ್ಮ ಮರಗಳ ಕೆಳಗೇ ಓಡಾಡುತ್ತಿದ್ದರು. ಅವನು ಬ್ಯಾಂಡೇಜು ಬಿಚ್ಚಿ ಎದ್ದು ನಿಲ್ಲಲು ಹೋದ. ಮಾಮಾ ಅವನ ಭುಜ ಹಿಡಿದು ಕೂರಿಸಿದರು.

"ಮಾಫಿ, ಆಗುವುದಿಲ್ಲ. ಆ ಕಾಲಲ್ಲಿ ಹತ್ತುವುದು ಬೇಡ," ಎಂದರು.

ನಾನು ಆ ಐದು ಮರಗಳನ್ನು ನೋಡುತ್ತ ನಿಂತಿದ್ದೆ. ಒಂದೊಂದೂ ಎರಡು ಮಹಡಿಯಷ್ಟು ಎತ್ತರ. ನಮ್ಮೂರಿನ ತೆಂಗಿಗೆ ಹೋಲಿಸಿದರೆ ಮಕ್ಕಳು.

ಇಲ್ಲಿ ನನ್ನ ಅಪ್ಪನ ವಿಷಯ ಹೇಳಬೇಕು. ಅಪ್ಪ ಮೂರ್ತೆ ಕೆಲಸದವರು. ಎಂದರೆ ತೆಂಗಿನ ಮರ ಹತ್ತಿ ಕಳ್ಳು ಇಳಿಸುವವರು. ದಿನಕ್ಕೆ ಎರಡು ಹೊತ್ತು, ಮೂವತ್ತು ಮರ. ನನಗೆ ಹನ್ನೆರಡಾದಾಗ ಕಾಲಿಗೆ ಹಗ್ಗದ ತಳೆ ಹಾಕಿಸಿ ಮೊದಲ ಮರ ಹತ್ತಿಸಿದರು. "ಕೆಳಗೆ ನೋಡ್ಬೇಡ, ಮೇಲೂ ನೋಡ್ಬೇಡ, ಕೈ ಹಿಡಿದ ಜಾಗ ನೋಡು" ಎನ್ನುತ್ತಿದ್ದರು. ಹದಿನೈದರ ಹೊತ್ತಿಗೆ ನಾನು ಅಪ್ಪನಷ್ಟೇ ಚುರುಕಾಗಿ ಹತ್ತುತ್ತಿದ್ದೆ. ಆದರೆ ಹೈಸ್ಕೂಲಿನಲ್ಲಿ ಒಬ್ಬ ನನ್ನ ಅಂಗಿಯನ್ನು ಮೂಸಿ, ಕಳ್ಳಿನ ವಾಸನೆ ಎಂದು ಮೂಗು ಮುಚ್ಚಿ ತೋರಿಸಿದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಂದಿನಿಂದ ಮರದ ಹತ್ತಿರ ಹೋಗುವಾಗ ಯಾರಾದರೂ ನೋಡುತ್ತಾರೆಯೇ ಎಂದು ಆಚೀಚೆ ನೋಡುವುದು ಅಭ್ಯಾಸವಾಯಿತು. ಹತ್ತೊಂಬತ್ತಕ್ಕೆ ಐಟಿಐ ಸೇರಿದ ಮೇಲೆ ಹತ್ತಲೇ ಇಲ್ಲ. ಗಲ್ಫಿಗೆ ಬಂದ ಮೇಲಂತೂ ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದವರಿಗೆ "ತೋಟದ ಕೆಲಸ" ಎಂದು ಹೇಳಿ ಮಾತು ಬದಲಿಸುತ್ತಿದ್ದೆ. ಮಗಳು ಹುಟ್ಟಿದ ವರ್ಷವೇ ಅಪ್ಪ ತೀರಿಕೊಂಡರು. ಅವಳಿಗೂ ಅಜ್ಜ ತೋಟದ ಕೆಲಸದವರೇ.

"ಮಾಮಾ, ನಾನು ಹತ್ತುತ್ತೇನೆ," ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹೊಟ್ಟೆಯ ಮೇಲೆ ದೃಷ್ಟಿ ಸ್ವಲ್ಪ ಹೊತ್ತು ನಿಂತಿತು. "ನೀನು ಎಸಿಯವನು."

"ಅಪ್ಪ ಮರ ಹತ್ತುವವರಾಗಿದ್ರು. ತೆಂಗಿನ ಮರ. ಇದಕ್ಕಿಂತ ಎತ್ತರ."

ಅರಬ್ಬಿಯಲ್ಲಿ ಹೇಳಿದ್ದರಿಂದಲೋ ಏನೋ, ಆ ಮಾತು ಸಲೀಸಾಗಿ ಬಂತು. ಮಗಳು ಫೋನಿನಿಂದ ತಲೆ ಎತ್ತಿದಳು. ಅವಳಿಗೆ ಶಾಲೆಯಲ್ಲಿ ಅರಬ್ಬಿ ಪಾಠ ಇದೆ ಎಂಬುದು ಆಗ ನೆನಪಾಯಿತು.

ಮಾಮಾ ಒಪ್ಪಲಿಲ್ಲ. ಬೇಸಿಗೆಯ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಯಾರನ್ನೂ ದುಡಿಸಬಾರದೆಂಬ ಕಾನೂನು ಇಲ್ಲಿದೆ. "ಈ ಬಿಸಿಲಲ್ಲಿ ನನ್ನ ಮಕ್ಕಳನ್ನೂ ಹತ್ತಿಸುವುದಿಲ್ಲ. ನಿನ್ನನ್ನು ಹತ್ತಿಸ್ತೇನಾ?" ಎಂದರು. ನಾವು ಮಾತಾಡುತ್ತಿದ್ದ ಹಾಗೇ ಮೋಡದ ಅಂಚು ಸೂರ್ಯನಿಗೆ ಬಂತು. ತೋಟದ ಮೇಲೆ ನೆರಳು ಹಾಯಿತು. ಬೆಟ್ಟದ ಕಡೆಯಿಂದ ಒಂದು ಗಾಳಿ ಬೀಸಿತು, ಅದು ತಣ್ಣಗಿತ್ತು. ಆಗಸ್ಟಿನ ಮಧ್ಯಾಹ್ನ ಈ ದೇಶದಲ್ಲಿ ತಣ್ಣನೆ ಗಾಳಿಯನ್ನು ನಾನು ಕಂಡದ್ದು ಅದೇ ಮೊದಲು.

"ಈಗ ಬಿಸಿಲಿಲ್ಲ," ಎಂದೆ.

ಮಾಮಾ ಆಕಾಶ ನೋಡಿದರು, ಮಗಳ ಮುಖ ನೋಡಿದರು. "ಗುಡುಗು ಹತ್ತಿರ ಬಂದ ಕೂಡಲೇ ಖಲಾಸ್. ಒಂದು ಗೊನೆ ಉಳಿದಿದ್ರೂ ಇಳೀಬೇಕು. ಆಣೆ ಮಾಡು."

ಆಣೆ ಮಾಡಿದೆ.

ಆಗ ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಮಿಂಚು ಕಂಡ ಮೇಲೆ ಎಣಿಸಬೇಕು, ಮೂವತ್ತು ಎಣಿಸುವ ಮೊದಲು ಗುಡುಗು ಕೇಳಿದರೆ ಹೊರಗೆ ಇರಬಾರದು, ಸೈನ್ಸ್ ಟೀಚರ್ ಹೇಳಿದ್ದಾರೆ, ನಾನು ಎಣಿಸುತ್ತೇನೆ. ಫೋನನ್ನು ಪ್ಯಾಂಟಿನ ಜೇಬಿಗೆ ಹಾಕಿದಳು. ಆ ರಜೆಯಲ್ಲಿ ಅವಳ ಎರಡು ಕೈಗಳೂ ಖಾಲಿಯಿದ್ದದ್ದನ್ನು ನಾನು ಅಂದೇ ನೋಡಿದ್ದು.

ಬಾಂಗ್ಲಾದವನು ಕುಂಟುತ್ತ ಬಂದು ಹಗ್ಗ ಕಟ್ಟಿದ. ಖರ್ಜೂರದ ಮರ ಹತ್ತುವ ಹಗ್ಗಕ್ಕೆ ಹಾಬೂಲ್ ಎನ್ನುತ್ತಾರೆ. ಬೆನ್ನಿಗೆ ಬರುವ ಕಡೆ ಅಂಗೈ ಎರಡರಷ್ಟು ಅಗಲದ ನೇಯ್ಗೆ, ಉಳಿದದ್ದು ಗಟ್ಟಿ ಹಗ್ಗ. ಅದನ್ನು ಮರಕ್ಕೂ ನಮಗೂ ಸೇರಿಸಿ ಬಳಸಿ ಬಿಗಿಯುವುದು. ಮರದ ಮೈತುಂಬ ಕಡಿದ ಗರಿಗಳ ಮೋಟು ಬುಡ ಇರುತ್ತದೆ, ಅದೇ ಮೆಟ್ಟಿಲು.

ಮೊದಲ ನಾಲ್ಕು ಹೆಜ್ಜೆಗೇ ನಾನು ಸೋತೆ. ತೆಂಗು ಹತ್ತಿದವನ ದೇಹ ಮರವನ್ನು ಅಪ್ಪಿಕೊಳ್ಳಲು ಹೋಗುತ್ತದೆ. ಅಪ್ಪಿಕೊಂಡರೆ ಹಗ್ಗ ಸಡಿಲಾಗುತ್ತದೆ, ಗರಿಯ ಮೋಟು ಎದೆಗೆ ತಿವಿಯುತ್ತದೆ.

"ಭಾಯ್, ಅಪ್ಪಬೇಡ," ಎಂದು ಅವನು ಕೆಳಗಿನಿಂದ ಹೇಳಿದ. "ಹಿಂದೆ ಒರಗು. ಕುರ್ಚಿಯಲ್ಲಿ ಕೂತ ಹಾಗೆ ಒರಗು. ಹಗ್ಗ ನಿನ್ನನ್ನು ಬಿಡುವುದಿಲ್ಲ."

ಎತ್ತರದಲ್ಲಿ ಬೆನ್ನು ಹಿಂದಕ್ಕೆ ಚೆಲ್ಲಿ ನಿಲ್ಲುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಕಣ್ಣು ಮುಚ್ಚಿ ಒರಗಿದೆ. ಹಗ್ಗ ಕಿರ್ ಎಂದಿತು, ಹಿಡಿಯಿತು. ಮುಂದಕ್ಕೆ ಬಾಗಿದಾಗ ಹಗ್ಗವನ್ನು ಮೇಲಕ್ಕೆ ಚಿಮ್ಮಿಸಬೇಕು, ಒರಗಬೇಕು, ಕಾಲು ಎತ್ತಬೇಕು. ಐದಾರು ಸಲ ಮಾಡಿದ ಮೇಲೆ ನನ್ನ ಕಾಲುಗಳಿಗೆ ತಾವೇ ಏನೋ ನೆನಪಾದಂತಾಯಿತು. ಇಪ್ಪತ್ತೇಳು ವರ್ಷ ಮರ ಹತ್ತದ ಪಾದಗಳು ಮೋಟುಗಳನ್ನು ತಾವಾಗಿ ಹುಡುಕಿ ಊರತೊಡಗಿದವು. ನಾನು ಕೈ ಹಿಡಿದ ಜಾಗವನ್ನಷ್ಟೇ ನೋಡುತ್ತ ಹೋದೆ. ತಲೆಗೆ ಗರಿ ತಗುಲಿದಾಗಲೇ ತುದಿ ಮುಟ್ಟಿದ್ದು ಗೊತ್ತಾದದ್ದು.

ಗೊನೆಗಳು ಬಲೆಚೀಲದೊಳಗೆ ತೂಗುತ್ತಿದ್ದವು. ಒಂದೊಂದೂ ಎಂಟು ಹತ್ತು ಕಿಲೋ. ಗರಿಯ ಬುಡದಲ್ಲಿ ಬೆರಳುದ್ದದ ಮುಳ್ಳು. ಅವನ್ನು ಸರಿಸಿ, ಗೊನೆಗೆ ಹಗ್ಗ ಕಟ್ಟಿ, ಕುಡುಗೋಲಿನಂಥ ಹಲ್ಲುಕತ್ತಿಯಿಂದ ತೊಟ್ಟು ಕೊಯ್ದು ನಿಧಾನ ಇಳಿಸಿದೆ. ಕೆಳಗೆ ಬಾಂಗ್ಲಾದವನು ಕುಳಿತಲ್ಲೇ ಹಿಡಿದು ಚಾಪೆಯ ಮೇಲೆ ಇಟ್ಟ. ಆರು ಗೊನೆ ಇಳಿಯಿತು. ಅಷ್ಟರಲ್ಲಿ ಮಾಮಾ ಮತ್ತು ಮಗಳು ಏಣಿ ಇಟ್ಟು ಒಂದು ಕುಳ್ಳು ಮರ ಮುಗಿಸಿದ್ದರು. ಮಾಮಾ ಏಣಿಯ ಮೇಲೆ, ಮಗಳು ಕೆಳಗೆ ಬುಟ್ಟಿ ಹಿಡಿದು. ಮಿಂಚಿದಾಗಲೆಲ್ಲ ಮಗಳ ದನಿ ತೋಟದ ಆಚೆಯಿಂದ ಕೇಳುತ್ತಿತ್ತು. "ಸಿಕ್ಸ್ಟಿ ಒನ್, ಸಿಕ್ಸ್ಟಿ ಟು," ಆಮೇಲೆ ಬೆಟ್ಟದ ಹಿಂದೆ ಎಲ್ಲೋ ಗುಡುಗು ಉರುಳುತ್ತಿತ್ತು.

ಎರಡನೇ ಮರ ಮೊದಲಿನದಕ್ಕಿಂತ ಬೇಗ ಆಯಿತು. ಮೂರನೆಯದರಲ್ಲಿ ಮುಂಗೈಗೆ ಮುಳ್ಳು ಹೊಕ್ಕಿತು, ಕಚ್ಚಿ ಎಳೆದು ತೆಗೆದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ತೊಡೆಗಳು ನಡುಗುತ್ತಿದ್ದವು, ಬೆನ್ನಿನ ನೇಯ್ಗೆ ಅಂಗಿಯೊಳಗೆ ಉರಿ ಹಚ್ಚಿತ್ತು. ಆದರೆ ನನಗೆ ಒಳಗಿನಿಂದ ನಗು ಬರುತ್ತಿತ್ತು. ಮೇಲಿನಿಂದ ಇಡೀ ಕಣಿವೆ ಕಾಣುತ್ತಿತ್ತು. ಮೋಡದ ಹೊಟ್ಟೆ ಈಗ ನೇರಳೆ ಬಣ್ಣಕ್ಕೆ ತಿರುಗಿ ಶಿಖರಗಳ ಮೇಲೆ ಕೂತಿತ್ತು. ಅದರ ಕೆಳಗಿನ ಬೆಟ್ಟದ ಮೇಲೆ ಬೂದು ಪರದೆಯ ಹಾಗೆ ಮಳೆ ಇಳಿಯುತ್ತಿತ್ತು. ಪಕ್ಕದ ತೋಟದವರು ಕೆಳಗೆ ನಿಂತು ನನ್ನತ್ತ ಕೈ ಬೀಸಿದರು. ನಾನೂ ಬೀಸಿದೆ. ಯಾರಾದರೂ ನೋಡುತ್ತಾರೆಯೇ ಎಂಬ ಯೋಚನೆ ಬರಲಿಲ್ಲ. ನೋಡಲಿ ಎಂದೇ ಅನಿಸುತ್ತಿತ್ತು.

ನಾಲ್ಕನೇ ಮರದ ಕೊನೆಯ ಗೊನೆ ಇಳಿಸುವಾಗ ಮಗಳ ಎಣಿಕೆ ನಲವತ್ತಕ್ಕೆ ಬಂದಿತ್ತು. ಇಳಿದವನು ನಿಲ್ಲದೆ ಹಗ್ಗವನ್ನು ಐದನೆಯದಕ್ಕೆ ಸುತ್ತಿದೆ. ಅದು ಎಲ್ಲದಕ್ಕಿಂತ ಎತ್ತರದ ಮರ, ಒಂಬತ್ತು ಗೊನೆ. ಅರ್ಧ ಹತ್ತಿದ್ದೆ. ಕಣಿವೆ ಒಮ್ಮೆ ಬೆಳ್ಳಗಾಯಿತು.

ಎಣಿಕೆ ಕೇಳಿಸುತ್ತಿತ್ತು. ಇಪ್ಪತ್ತೈದರ ಹತ್ತಿರ ಗುಡುಗಿತು.

ಮೂರೇ ಗೊನೆ ಕೊಯ್ದು ಬರೋಣ ಎಂದು ಇನ್ನೊಂದು ಹೆಜ್ಜೆ ಇಟ್ಟೆ. ಆಗ ಕೆಳಗಿನಿಂದ ಮಗಳ ದನಿ ಬಂತು. ಇಂಗ್ಲಿಷ್ ಅಲ್ಲ, ತುಳು.

"ಪಪ್ಪ, ಜಪ್ಪುಲೆ. ಇತ್ತೆನೇ ಜಪ್ಪುಲೆ."

ಇಳಿಯಿರಿ, ಈಗಲೇ ಇಳಿಯಿರಿ. ನನ್ನ ಅಮ್ಮನ ದನಿಯೇ ಅದು, ಅದೇ ಗಟ್ಟಿತನ. ನಾನು ಇಳಿದೆ.

ಎಲ್ಲರೂ ಸೇರಿ ಬುಟ್ಟಿಗಳನ್ನು ಕೋಲ್ಡ್ ರೂಮಿಗೆ ಎಳೆದು ಹಾಕಿದೆವು. ಅದಕ್ಕೆ ಅಂಟಿಕೊಂಡಿದ್ದ ಸಿಮೆಂಟಿನ ಕೋಣೆಯೊಳಗೆ ಬಂದು ಬಾಗಿಲು ಹಾಕಿದ ಸ್ವಲ್ಪ ಹೊತ್ತಿಗೆ ಗಾಳಿ ಬಂತು. ಗಾಳಿಯೊಂದಿಗೆ ಧೂಳು, ಧೂಳಿನ ಹಿಂದೆ ಹನಿ. ಆಮೇಲೆ ತಗಡಿನ ಮಾಡಿನ ಮೇಲೆ ಯಾರೋ ಜಲ್ಲಿ ಸುರಿದ ಹಾಗೆ ಸದ್ದು. ಕಿಟಕಿಯಿಂದ ನೋಡಿದರೆ ಅಂಗಳದ ತುಂಬ ಬಿಳಿ ಕಾಳು ಕುಣಿಯುತ್ತಿತ್ತು, ಕಡಲೆಗಾತ್ರ, ನೆಲ್ಲಿಕಾಯಿ ಗಾತ್ರ. ಬೆಳಿಗ್ಗೆ ಸ್ಪ್ಯಾನರ್ ಮುಟ್ಟಿದರೆ ಸುಡುತ್ತಿದ್ದ ಅಂಗಳದಲ್ಲಿ ಆಲಿಕಲ್ಲು. ಎದುರಿನ ಬೆಟ್ಟಕ್ಕೆ ಸಿಡಿಲು ಹೊಡೆದದ್ದನ್ನು ಕಣ್ಣಾರೆ ಕಂಡೆವು. ಐದನೇ ಮರ ಗಾಳಿಗೆ ಬಾಗಿ ಏಳುತ್ತಿತ್ತು, ಅದರ ಗೊನೆಗಳಿಂದ ಹಣ್ಣು ಕಪ್ಪಗೆ ಉದುರುತ್ತಿತ್ತು. ಮಗಳು ನನ್ನ ಅಂಗಿಯ ತುದಿಯನ್ನು ಹಿಡಿದುಕೊಂಡಿದ್ದಳು.

ಇಪ್ಪತ್ತು ನಿಮಿಷದಲ್ಲಿ ಆಲಿಕಲ್ಲು ನಿಂತಿತು. ಮಳೆ ಒಂದು ಗಂಟೆ ಹೊಡೆಯಿತು. ಅದೂ ತೆಳ್ಳಗಾಗುತ್ತ ಬಂದಾಗ ಮಾಮಾ ಕಿವಿಗೊಟ್ಟು, "ಬರ್ತಾ ಉಂಟು," ಎಂದರು.

ದೂರದಲ್ಲಿ ಲಾರಿಗಳ ಸಾಲು ಬಂದ ಹಾಗೆ ಒಂದು ಸದ್ದು. ಬಾಗಿಲು ತೆರೆದು ಜಗಲಿಗೆ ಬಂದೆವು. ವಾದಿಯ ತಿರುವಿನಲ್ಲಿ ಮೊದಲು ಕಂಡದ್ದು ನೀರಲ್ಲ, ಉರುಳುತ್ತ ಬರುವ ಒಂದು ಕಂದು ಗೋಡೆ. ಒಣ ಗರಿ, ಬೇರು, ಪ್ಲಾಸ್ಟಿಕ್ ಡ್ರಮ್ಮು, ಯಾರದೋ ಗ್ಯಾಸ್ ಸಿಲಿಂಡರು. ಅದರ ಹಿಂದೆ ನೀರು, ಕಲ್ಲುಗಳನ್ನು ಒಂದಕ್ಕೊಂದು ಬಡಿಸುತ್ತ. ಗೊಬ್ಬಳಿ ಮರದ ಬುಡ ಮುಳುಗಿತು, ಕೊಂಬೆಯ ತನಕ ಮುಳುಗಿತು. ಬೆಳಿಗ್ಗೆ ನನ್ನ ಪಿಕಪ್ ನಿಂತಿದ್ದ ಜಾಗ ಎಲ್ಲಿತ್ತೆಂದು ತೋರಿಸಲೂ ಆಗದ ಹಾಗಾಯಿತು. ನಾನು ಮಾಮಾ ಕಡೆ ನೋಡಿದೆ. ಅವರು ಏನೂ ಆಗದವರಂತೆ ತಲೆವಸ್ತ್ರದ ಧೂಳು ಕೊಡವುತ್ತಿದ್ದರು.

"ಮೂರು ವರ್ಷದಿಂದ ಈ ವಾದಿ ಹರಿದಿರಲಿಲ್ಲ. ನಮ್ಮ ಬಾವಿಗೆ ಈಗ ಎರಡು ವರ್ಷಕ್ಕೆ ನೀರಾಯ್ತು," ಎಂದರು. ಆಮೇಲೆ ಕೋಲ್ಡ್ ರೂಮಿಗೆ ಹೋಗಿ ಬುಟ್ಟಿಗಳನ್ನು ಒಂದೊಂದಾಗಿ ಮುಟ್ಟಿದರು. ನಾಲ್ಕು ಎತ್ತರದ ಮರ, ಮೂರು ಕುಳ್ಳು. ಎಂಟರಲ್ಲಿ ಏಳು ಒಳಗಿದ್ದವು. ಉದುರಿದ್ದನ್ನು ಆಡುಗಳಿಗೆ ಹಾಕೆಂದು ಬಾಂಗ್ಲಾದವನಿಗೆ ಹೇಳಿದರು. ಆಡುಗಳು ಆಗಲೇ ಬೇಲಿ ನುಸುಳಿ ಬಂದು ಶುರುಮಾಡಿದ್ದವು.

ಆ ಹೊತ್ತಿಗೆ ಹೆಂಡತಿಯ ಫೋನು ಬಂತು.

"ಎಲ್ಲಿದ್ದೀರಿ? ಹತ್ತಾದಲ್ಲಿ ಜೋರು ಮಳೆ ಅಂತ ಎಲ್ಲ ವಿಡಿಯೋ ಕಳಿಸ್ತಿದ್ದಾರೆ. ಇಲ್ಲಿ ಒಂದು ಹನಿ ಇಲ್ಲ, ಬರೀ ಧೂಳು."

"ನಾವು ಆರಾಮಿದ್ದೇವೆ. ವಾದಿ ಇಳಿಯುವ ತನಕ ಇಲ್ಲೇ. ನಾಳೆ ಬೆಳಿಗ್ಗೆ ಬರ್ತೇವೆ."

ಮಗಳು ಫೋನ್ ಕಸಿದುಕೊಂಡಳು. "ಅಮ್ಮ, ಪಪ್ಪ ಮರ ಹತ್ತಿದ್ರು."

"ಎಂತ ಮರ? ಇವರಾ?"

"ನಾಲ್ಕು ಮರ. ನಾನು ಎಣಿಸಿದ್ದು."

ಸಂಜೆ ಮೋಡ ಹರಿದು ಬಿಸಿಲು ಬಂತು. ಬೆಟ್ಟದ ಒಂದೊಂದು ಸೀಳಿನಿಂದಲೂ ಬಿಳಿ ದಾರದಂತೆ ನೀರು ಇಳಿಯುತ್ತಿತ್ತು. ವಾದಿಯ ಆಚೆ ದಡದಲ್ಲಿ ಸಾಲಾಗಿ ಕಾರು ನಿಂತವು. ನೀರು ನೋಡಲೆಂದೇ ಜನ ಮಕ್ಕಳೊಂದಿಗೆ, ಚಾದ ಫ್ಲಾಸ್ಕಿನೊಂದಿಗೆ ಬಂದಿದ್ದರು. ಪೊಲೀಸರು ಅವರನ್ನು ಅಂಚಿನಿಂದ ದೂರ ಸರಿಸುತ್ತಿದ್ದರು. ನಾನೂ ಮಗಳೂ ಕಲ್ಲುಗೋಡೆಯ ಮೇಲೆ ಕುಳಿತೆವು. ಮಾಮಾ ಒಂದು ತಟ್ಟೆ ಖರ್ಜೂರ, ಏಲಕ್ಕಿಯ ಕಾಫಿ ಕಳಿಸಿದ್ದರು.

"ಸೋ ಅಜ್ಜ ಕ್ಲೈಂಬ್ಡ್ ಟ್ರೀಸ್," ಎಂದಳು ಮಗಳು.

"ಹೌದು. ಕಳ್ಳು ಇಳಿಸ್ತಿದ್ರು. ದಿನಾ ಎರಡು ಸಲ, ಮಳೆಗಾಲದಲ್ಲೂ."

"ವೈ ಡಿಡಂಟ್ ಯು ಟೆಲ್ ಮಿ?"

"ನನಗೆ ನಾಚಿಕೆ ಆಗ್ತಿತ್ತು."

ಅವಳು ಹಣ್ಣಿನ ಬೀಜವನ್ನು ಅಂಗೈಗೆ ಉಗುಳಿ ನನ್ನನ್ನೇ ನೋಡಿದಳು. ನಿಜಕ್ಕೂ ಅರ್ಥವಾಗದವಳ ಹಾಗೆ, ಈ ಸಲ ಕನ್ನಡದಲ್ಲಿ, "ಎಂತಕ್ಕೆ?" ಎಂದು ಕೇಳಿದಳು.

ಹೈಸ್ಕೂಲಿನ ಆ ಕ್ಲಾಸು, ಅಂಗಿ ಮೂಸಿದ ಆ ಹುಡುಗ, ಎಲ್ಲವೂ ಮೂವತ್ತು ವರ್ಷಗಳಿಂದ ನನ್ನೊಳಗೆ ಭಾರವಾಗಿ ಕೂತಿದ್ದವು. ಹೇಳಹೊರಟರೆ ಆ ಸಂಜೆಯ ಬೆಳಕಿನಲ್ಲಿ ಯಾವುದೂ ಹೇಳುವಷ್ಟು ದೊಡ್ಡದಾಗಿ ಕಾಣಲಿಲ್ಲ. ಅದರ ಬದಲು ಅಪ್ಪ ಜೋರು ಗಾಳಿಯಲ್ಲಿ ಮರದ ತುದಿಯಲ್ಲಿ ಕುಳಿತು ಪಾಡ್ದನ ಹಾಡುತ್ತಿದ್ದುದನ್ನು ಹೇಳಿದೆ. ನಾನು ಮೊದಲ ಸಲ ಹತ್ತಿದಾಗ ಅವರು ಅಮ್ಮನಿಗೆ ಗೊತ್ತಾಗದ ಹಾಗೆ ಪೇಟೆಗೆ ಕರೆದೊಯ್ದು ಗೋಳಿಬಜೆ ಕೊಡಿಸಿದ್ದನ್ನು ಹೇಳಿದೆ. ಅವಳು ಒಂದರ ಹಿಂದೆ ಒಂದು ಕೇಳುತ್ತಲೇ ಹೋದಳು. ಎಷ್ಟು ಎತ್ತರ, ಬಿದ್ದದ್ದುಂಟಾ, ಕತ್ತಿ ಎಲ್ಲಿ ಕಟ್ಟುತ್ತಿದ್ದರು. ಸೂರ್ಯ ಮುಳುಗಿ ಮಗ್ರಿಬ್ ನಮಾಜಿನ ಬಾಂಗ್ ಕೇಳುವ ತನಕ ನಾವು ಅಲ್ಲೇ ಇದ್ದೆವು.

ಮರುದಿನ ಬೆಳಿಗ್ಗೆ ವಾದಿಯಲ್ಲಿ ಮೊಣಕಾಲಿನ ನೀರಷ್ಟೇ ಉಳಿದಿತ್ತು. ಬುಲ್ಡೋಜರು ಬಂದು ದಾರಿಯ ಕಲ್ಲು ಸರಿಸಿದ ಮೇಲೆ ಪೊಲೀಸರು ಬಿಟ್ಟರು. ಹೊರಡುವಾಗ ಮಾಮಾ ಪಿಕಪ್ಪಿನಲ್ಲಿ ಎರಡು ಕ್ರೇಟು ಹಣ್ಣು ಇಡಿಸಿದರು. ಮಗಳ ತಲೆಯ ಮೇಲೆ ಕೈಯಿಟ್ಟು, "ಇವಳ ಮಾತು ಕೇಳು," ಎಂದು ನನಗೆ ಹೇಳಿದರು. ಬಾಂಗ್ಲಾದವನು ನನ್ನ ಕೈ ಕುಲುಕಿ, "ಶನಿವಾರ ಅವರ ಗಂಡುಮಕ್ಕಳು ಬರ್ತಾರೆ, ಅವರಿಗೆ ಮಾಡಲು ಕೆಲಸವೇ ಇಲ್ಲ," ಎಂದು ನಕ್ಕ.

ಮಗಳನ್ನು ಮನೆಗೆ ಬಿಟ್ಟು ಹನ್ನೊಂದಕ್ಕೆ ವರ್ಕ್‌ಶಾಪಿಗೆ ಹೋದೆ. ರಾಸ್ ಅಲ್ ಖೋರ್ ಎಂದಿನಂತೆ ಕಾದ ಕಬ್ಬಿಣವಾಗಿತ್ತು. ತೊಡೆ ನೋವಿನಿಂದ ಪಿಕಪ್ಪಿನಿಂದ ಇಳಿಯುವುದೇ ಕಷ್ಟವಾಯಿತು. ಪಕ್ಕದ ಗ್ಯಾರೇಜಿನ ಬ್ಯಾರಿ ಸಾಹೇಬರು, ನಮ್ಮ ಊರಿನ ಕಡೆಯವರೇ, ಕ್ರೇಟು ನೋಡಿ ಬಂದು ಒಂದು ಹಣ್ಣು ಬಾಯಿಗೆ ಹಾಕಿಕೊಂಡರು.

"ಭಾರಿ ಲಾಯ್ಕುಂಟು ಮಾರಾಯ್ರೆ. ಎಲ್ಲಿಂದ ತಂದದ್ದು?"

"ಹತ್ತಾದಿಂದ. ನಾನೇ ಮರ ಹತ್ತಿ ಇಳಿಸಿದ್ದು."

"ನೀವು? ನಿಮಗೆ ಮರ ಹತ್ಲಿಕ್ಕೆ ಯಾರು ಕಲಿಸಿದ್ದು?"

ವರ್ಕ್‌ಶಾಪಿನಲ್ಲಿ ಆಗ ಏಳೆಂಟು ಜನ ಇದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ನನ್ನ ಅಪ್ಪ. ಮೂರ್ತೆ ಕೆಲಸದವರು. ನಮ್ಮ ಊರಿನಲ್ಲಿ ಅವರಷ್ಟು ಚಂದ ಮರ ಹತ್ತುವವರು ಬೇರೆ ಯಾರೂ ಇರಲಿಲ್ಲ."

"ಹಾಗೆ ಹೇಳಿ ಮತ್ತೆ," ಎಂದು ಅವರು ಇನ್ನೊಂದು ಹಣ್ಣಿಗೆ ಕೈ ಹಾಕಿದರು. ನನ್ನ ಫೋನು ಬಡಿದುಕೊಂಡಿತು. ಸತ್ವಾದಲ್ಲಿ ಒಂದು ಮನೆಯ ಎಸಿ ನಿಂತಿದೆ, ಮನೆಯಲ್ಲಿ ಮಗು ಉಂಟು, ಬೇಗ ಬನ್ನಿ ಎಂದರು. ಮುಳ್ಳು ಹೊಕ್ಕ ಮುಂಗೈಗೆ ಪಟ್ಟಿ ಸುತ್ತಿಕೊಂಡು ಹೊರಟೆ.